ಹಳೇ ಎಂಜಿಬಿ ಕೈಗೆ ಬಂದಿದೆ: ಇದ್ದ ಹಾಗೇ ಇಡೋದೋ, ಬದಲಾಯಿಸೋದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ 1973ರ ಎಂಜಿಬಿ ರೋಡ್‌ಸ್ಟರ್ ಒಂದಿದೆ, ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಅದನ್ನು ನೋಡಲು ಬಂದ ಕನ್ನಡದ ಗೆಳೆಯರು ಕೇಳಿದ್ದು, ಆಮೇಲೆ ತಾವೂ ಒಂದನ್ನು ಕೊಂಡು ರಾತ್ರಿ ಹತ್ತರ ಮೇಲೆ ಫೋನ್ ಮಾಡಿ ಕೇಳಿದ್ದು, ಊರಿಗೆ ಹೋದಾಗ ಮೈಸೂರಿನ ನೆಂಟರು ಕೇಳಿದ್ದು, ಎಲ್ಲ ಇಲ್ಲಿವೆ. ನಾನು ಮೆಕ್ಯಾನಿಕ್ ಅಲ್ಲ. ಸಂಬಳದ ಕೆಲಸ ಬೇರೆ. ಶನಿವಾರ ಕೈ ಮಸಿ ಮಾಡಿಕೊಳ್ಳುವವನು.

ಎಂಜಿ ಅಂದರೆ ಹೆಕ್ಟರ್ ಮಾಡುವವರೇ ಅಲ್ಲವಾ?

ಹೆಸರು ಅದೇ, ಮನೆತನ ಬೇರೆ. ಎಂಜಿಬಿ ಹುಟ್ಟಿದ್ದು ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಎಂಬ ಊರಿನಲ್ಲಿ, 1962ರಲ್ಲಿ. 1980ರಲ್ಲಿ ಕಾರೂ ನಿಂತಿತು, ಕಾರ್ಖಾನೆಯೂ ಮುಚ್ಚಿತು. ಮೊದಲು ಬಂದದ್ದು ಇಬ್ಬರು ಕೂರುವ, ಟಾಪ್ ಬಿಚ್ಚುವ ರೋಡ್‌ಸ್ಟರ್; 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಸೇರಿಕೊಂಡಿತು. ನಾಲ್ಕು ಸಿಲಿಂಡರಿನ 1798 ಸಿಸಿ ಎಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್. ಒಟ್ಟು 5 ಲಕ್ಷಕ್ಕೂ ಹೆಚ್ಚು ತಯಾರಾದವು. ಈ ಕೊನೆಯ ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸುತ್ತಿ ಬಳಸಿ ಬೇಡ. ಮಾಡಿಫೈ ಮಾಡಬಹುದಾ, ಬೇಡವಾ?

ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನ ಹಾಗೆ ಮಾಡಬಹುದಾದ ಕೆಲಸವಾದರೆ ಧಾರಾಳವಾಗಿ ಮಾಡಿ, ಬಿಚ್ಚಿದ್ದನ್ನು ಎಸೆಯದೆ ಇಟ್ಟುಕೊಳ್ಳಿ. ತಗಡು ಕತ್ತರಿಸಬೇಕು, ಫ್ಯಾಕ್ಟರಿಯ ಬಣ್ಣ ಕೆರೆಯಬೇಕು ಅನ್ನುವ ಹಂತ ಬಂದರೆ ಅಲ್ಲಿಗೆ ನಿಲ್ಲಿಸಿ ಒಂದು ವರ್ಷ ಆ ಕಾರನ್ನು ಸುಮ್ಮನೆ ಓಡಿಸಿ. ಒಂದು ವರ್ಷವಾದ ಮೇಲೂ ಅದೇ ಆಸೆ ಇದ್ದರೆ ಆಗ ಮಾತಾಡೋಣ. ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಕಾರು ಕೊಂಡ ಮೊದಲ ತಿಂಗಳಲ್ಲೇ ಕೈ ಕಡಿಯುತ್ತಿರುತ್ತದೆ. ಕಾರ್ಬೊರೇಟರ್ ಟ್ಯೂನ್ ಆಗಿಲ್ಲದ, ಟೈರು ಗಟ್ಟಿಯಾಗಿ ಒಣಗಿದ ಗಾಡಿಯನ್ನು ಓಡಿಸಿ "ಇದು ಎಳೆಯೋದೇ ಇಲ್ಲ, ಎಂಜಿನ್ ಬದಲಾಯಿಸಬೇಕು" ಅಂದುಬಿಡುತ್ತಾರೆ. ಮೊದಲು ಅದು ಅಬಿಂಗ್ಡನ್ ಬಿಟ್ಟಾಗ ಹೇಗಿತ್ತೋ ಹಾಗೆ ಸರಿಮಾಡಿ ನೋಡಿ. ಅರ್ಧ ದೂರು ಅಲ್ಲೇ ತೀರುತ್ತದೆ.

ಮಾರಿದವರು "ಫುಲ್ ಒರಿಜಿನಲ್" ಅಂದಿದ್ದಾರೆ. ನಂಬಬಹುದಾ?

ಆ ಮಾತಿಗೆ ಮಾರುಕಟ್ಟೆಯಲ್ಲಿ ಮೂರು ಅರ್ಥ ಇವೆ. ಒಂದು, ಫ್ಯಾಕ್ಟರಿಯಿಂದ ಬಂದ ಬಣ್ಣ, ಸೀಟಿನ ಹೊದಿಕೆ, ಎಂಜಿನ್ ಎಲ್ಲವೂ ಇನ್ನೂ ಅವೇ. ಎರಡು, ಒಮ್ಮೆ ಪೂರ್ತಿ ಬಿಚ್ಚಿ ಅಚ್ಚುಕಟ್ಟಾಗಿ ಮೂಲದಂತೆಯೇ ಕಟ್ಟಿದ್ದು. ಮೂರು, ಹೊಳೆಯುತ್ತಿದೆ ಅಷ್ಟೇ. ಮೂರನೆಯದೇ ಜಾಸ್ತಿ.

ಕಾರಿನ ನಂಬರಿನಿಂದ ಶುರು ಮಾಡಿ. ರೋಡ್‌ಸ್ಟರ್ ಆದರೆ ಜಿಎಚ್‌ಎನ್, ಜಿಟಿ ಆದರೆ ಜಿಎಚ್‌ಡಿ. ಅದರ ಮುಂದಿನ ಅಂಕೆ 3, 4 ಅಥವಾ 5. ಈ ಅಂಕೆಯಿಂದ ಗಾಡಿ ಯಾವ ಕಾಲದ್ದು ಅಂತ ಗೊತ್ತಾಗುತ್ತದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹತ್ತಿರ ಕಾರ್ಖಾನೆಯ ಹಳೇ ದಾಖಲೆಗಳಿವೆ. ಹಣ ಕಟ್ಟಿ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದರೆ ನಿಮ್ಮ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ದೇಶದ ಮಾರುಕಟ್ಟೆಗೆ ಹೋಯಿತು ಅಂತ ಬರೆದು ಕೊಡುತ್ತಾರೆ. ಕೆಂಪು ಕಾರು ಕೊಂಡವರೊಬ್ಬರಿಗೆ ಅದು ಹುಟ್ಟಿದಾಗ ಬಿಳಿ ಇತ್ತು ಅಂತ ಕಾಗದ ಬಂದದ್ದನ್ನು ನಾನೇ ನೋಡಿದ್ದೇನೆ.

ಎಂಜಿನ್ ನಂಬರು ಹೊಂದದಿದ್ದರೆ ಗಾಬರಿ ಬೇಡ. ಆ ಕಾಲದಲ್ಲಿ ಸವೆದ ಎಂಜಿನ್ ಕೊಟ್ಟು, ಕಂಪನಿಯೇ ರೀಕಂಡೀಷನ್ ಮಾಡಿದ 'ಗೋಲ್ಡ್ ಸೀಲ್' ಎಂಜಿನ್ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಹೆಸರಿಗೆ ತಕ್ಕಂತೆ ಅದಕ್ಕೆ ಬಂಗಾರದ ಬಣ್ಣ. ಅದು ಮೋಸವಲ್ಲ, ಆ ಕಾರಿನ ಚರಿತ್ರೆ.

ಆಮೇಲೆ ಮಂಡಿಯೂರಿ ಕೆಳಗೆ ನೋಡಿ. ಕಾರ್ಪೆಟ್ ಎತ್ತಿ, ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಡಿ. ಹೊರಗಿನ ಬಣ್ಣವೂ ಒಳಗಿನ ಬಣ್ಣವೂ ಒಂದೇ ಇದ್ದರೆ ಒಳ್ಳೆಯ ಸೂಚನೆ. ಬಾಡಿಯ ಕೆಳಭಾಗಕ್ಕೆ ಒಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಲೇಪ ಮೆತ್ತಿದ್ದಾರೆ. ಬಾನೆಟ್ಟಿಗೆ ಮಾತ್ರ ಈ ಪರೀಕ್ಷೆ ಬೇಡ. ಅರವತ್ತರ ದಶಕದ ಕಾರುಗಳ ಬಾನೆಟ್ ಅಲ್ಯುಮಿನಿಯಂನದು, ಅಂಟದಿರುವುದೇ ಸರಿ. ಗೊತ್ತಿಲ್ಲದೆ ಅದನ್ನು ಕಿತ್ತು ಕಬ್ಬಿಣದ್ದು ಹಾಕಿಸಿದವರೂ ಇದ್ದಾರೆ.

ನಮ್ಮ ಕಾರಿನ ಮೂಲ ಬಣ್ಣ ಮಾಸಿದೆ, ಅಲ್ಲಲ್ಲಿ ಕಿತ್ತಿದೆ. ಪೂರ್ತಿ ಪೇಂಟ್ ಮಾಡಿಸಿಬಿಡಲಾ?

ಈ ಪ್ರಶ್ನೆಗೆ ನನ್ನಿಂದ ನಿಷ್ಪಕ್ಷಪಾತದ ಉತ್ತರ ಸಿಗುವುದಿಲ್ಲ. ನಾನು ಸುಟ್ಟುಕೊಂಡವನು.

ನನ್ನ ಕಾರು ಬಂದಾಗ 'ಹಾರ್ವೆಸ್ಟ್ ಗೋಲ್ಡ್' ಬಣ್ಣದಲ್ಲಿತ್ತು. ನೋಡಿದರೆ ಥೇಟ್ ಕಡಲೆಹಿಟ್ಟು. ಎಪ್ಪತ್ತರ ದಶಕದಲ್ಲಿ ಎಂಜಿಯ ಒಡೆಯರಾಗಿದ್ದ ಬ್ರಿಟಿಷ್ ಲೇಲ್ಯಾಂಡ್‌ನವರಿಗೆ ಅದೇನು ಹುಚ್ಚು ಹಿಡಿದಿತ್ತೋ, ಕಿತ್ತಳೆ, ನಿಂಬೆ, ನೇರಳೆ ಅಂತ ಸಂತೆಯ ಹಣ್ಣಿನಂಗಡಿಯ ಹಾಗೆ ಬಣ್ಣ ಕೊಟ್ಟರು. ಬಾಗಿಲ ಮೇಲೆ ಎರಡು ಗೀರು, ಬಾನೆಟ್ ಮೇಲೆ ಕಲ್ಲೇಟಿನ ಚುಕ್ಕೆ, ಡಿಕ್ಕಿಯ ಮೇಲೆ ಬಿಸಿಲಿಗೆ ಮಂಕಾದ ಒಂದು ಮೂಲೆ. ಇಷ್ಟಕ್ಕೇ ಒಬ್ಬ ಪೇಂಟರ್ ಹತ್ತಿರ ಒಯ್ದೆ. "ಈ ಬಣ್ಣ ಯಾರಿಗೆ ಬೇಕು, ಹಸಿರು ಮಾಡೋಣ" ಅಂದರು. ನಾನೂ ಹೂಂ ಅಂದೆ. ಬರಿ ತಗಡಿನವರೆಗೆ ಕೆರೆದು ಹೊಡೆದರು. ಕೆಲಸವೇನೋ ನೀಟಾಗಿಯೇ ಇತ್ತು. ಎರಡು ವರ್ಷದ ಮೇಲೆ ಒಂದು ಪ್ರದರ್ಶನಕ್ಕೆ ಹೋದರೆ ಸಾಲಿನಲ್ಲಿ ಹನ್ನೊಂದು ಹಸಿರು, ಒಂಬತ್ತು ಕೆಂಪು. ಕೊನೆಯಲ್ಲಿ ಕಡಲೆಹಿಟ್ಟಿನ ಬಣ್ಣದ್ದು ಒಂದೇ ಒಂದು, ಅದರ ಸುತ್ತ ಜನ. ಗೀರುಗಳೂ ಹಾಗೇ ಇದ್ದವು.

ಈಗ ಬೇಕಾದರೆ ಅದೇ ಬಣ್ಣವನ್ನು ಕಲಸಿ ಮತ್ತೆ ಹೊಡೆಸಬಹುದು. ಆದರೆ ಅದು 1973ರಲ್ಲಿ ಅಬಿಂಗ್ಡನ್‌ನಿಂದ ಹೊರಬಿದ್ದ ಬಣ್ಣ ಆಗುವುದಿಲ್ಲ.

ಹಾಗಾಗಿ ನಿಮ್ಮ ಬಣ್ಣದಲ್ಲಿ ಮುಕ್ಕಾಲು ಪಾಲು ಗಟ್ಟಿಯಿದ್ದರೆ ಕೈಯಲ್ಲೇ ನಿಧಾನವಾಗಿ ಪಾಲಿಶ್ ಮಾಡಿ, ಕಿತ್ತಲ್ಲಿ ಸಣ್ಣ ಕುಂಚದಿಂದ ತುಂಬಿ, ಮೇಣ ಹಾಕಿ ಬಿಡಿ. ಈಗಾಗಲೇ ಯಾರೋ ಎರಡು ಸಲ ಬೇರೆ ಬಣ್ಣ ಹೊಡೆಸಿದ ಕಾರಾದರೆ ಈ ಚಿಂತೆಯೇ ಇಲ್ಲ, ನಿಮಗೆ ಇಷ್ಟವಾದ ಬಣ್ಣ ಹೊಡೆಸಿ.

ತುಕ್ಕು ಕತ್ತರಿಸಿ ಹೊಸ ತಗಡು ಹಾಕಿಸಿದರೆ ಒರಿಜಿನಲ್ ಹೋದ ಹಾಗಾ?

ಇಲ್ಲ. ಅದು ರಿಪೇರಿ, ಮಾಡಿಫಿಕೇಶನ್ ಅಲ್ಲ. ಅದೂ ಎಂಜಿಬಿಯಲ್ಲಿ ಇದನ್ನು ಮುಂದೂಡುವ ಹಾಗೇ ಇಲ್ಲ. ಇದರ ಹಿಂದಿನ ಎಂಜಿಎಗೆ ಕೆಳಗೆ ಪ್ರತ್ಯೇಕ ಚಾಸಿ ಇತ್ತು, ಎಂಜಿಬಿಗೆ ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್, ರೋಡ್‌ಸ್ಟರಿನ ಬೆನ್ನುಮೂಳೆ. ಮೇಲೆ ಛಾವಣಿ ಇಲ್ಲದ್ದರಿಂದ ಪೂರ್ತಿ ಭಾರ ಅದರದ್ದೇ. ಅದು ಒಳಗಿಂದ ಕೊಳೆತರೆ ಗಾಡಿ ನಡುವೆ ಕುಸಿಯುತ್ತದೆ, ಬಾಗಿಲ ಸಂದು ಮೇಲ್ಭಾಗದಲ್ಲಿ ಕಿರಿದಾಗುತ್ತದೆ. ಹೊರಗಿನ ತಗಡು ಮಾತ್ರ ಬದಲಾಯಿಸಿ ಒಳಗಿನದನ್ನು ಹಾಗೇ ಬಿಡುವ ಟಿಂಕರಿಂಗ್‌ನವರು ಎಲ್ಲ ದೇಶದಲ್ಲೂ ಇದ್ದಾರೆ. ಕತ್ತರಿಸುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಗಿದಿದ್ದಾರಾ ಅಂತ ನೀವೇ ಹೋಗಿ ನೋಡಿ. ಬಿಗಿಯದೆ ಕತ್ತರಿಸಿದರೆ ಬಾಡಿ ತಿರುಚಿಕೊಳ್ಳುತ್ತದೆ, ಮುಂದೆ ಬಾಗಿಲು ಹಾಕಲು ಬರುವುದಿಲ್ಲ.

ತೀರಾ ಹಾಳಾದ ಕಾರಿಗೆ ಹೊಸ ಬಾಡಿಯೇ ಸಿಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೇ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಎಂಜಿಬಿಯ ಪೂರ್ತಿ ಬಾಡಿ ಮಾಡಿ ಮಾರುತ್ತಿದೆ. ಹಾಗೆ ಬಾಡಿ ಬದಲಾದ ಕಾರು ಅದೇ ಕಾರು ಹೌದೋ ಅಲ್ಲವೋ ಅಂತ ಚಹಾ ಆರುವ ತನಕ ವಾದ ಮಾಡಬಹುದು. ನನ್ನ ಲೆಕ್ಕ ಸರಳ: ಅಂಥ ಕಾರು ಸಿಕ್ಕರೆ ಸಂಕೋಚವಿಲ್ಲದೆ ಮಾಡಿಫೈ ಮಾಡಿ. ಉಳಿಸಿಕೊಳ್ಳಬೇಕಾದದ್ದು ಅಲ್ಲಿ ಆಗಲೇ ಹೋಗಿದೆ.

ಬ್ರೇಕು, ದೀಪ, ವೈರಿಂಗ್ ಇವುಗಳನ್ನು ಮುಟ್ಟಬಹುದಲ್ಲ?

ಮುಟ್ಟಿ, ಖಂಡಿತ ಮುಟ್ಟಿ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಮೊದಲಿನಿಂದಲೂ ಇದೆ. ಸರ್ವೋ, ಅಂದರೆ ಬ್ರೇಕ್ ಒತ್ತುವ ಬಲ ಹೆಚ್ಚಿಸುವ ಸಾಧನ, ಇಲ್ಲದಿದ್ದರೆ ಸೇರಿಸಬಹುದು. ಹ್ಯಾಲೊಜೆನ್ ಹೆಡ್‌ಲೈಟು, ರಿಲೇ, ಎಲೆಕ್ಟ್ರಾನಿಕ್ ಇಗ್ನಿಷನ್, ಒಳ್ಳೆಯ ಸೀಟ್ ಬೆಲ್ಟ್, ಇವೆಲ್ಲ ಒಂದು ಮಧ್ಯಾಹ್ನದಲ್ಲಿ ವಾಪಸ್ ಬಿಚ್ಚಬಹುದಾದವು. ಎಲೆಕ್ಟ್ರಿಕಲ್ ಸಾಮಾನು ಮಾಡಿದ ಲ್ಯೂಕಾಸ್ ಕಂಪನಿಗೆ ಇಲ್ಲಿಯವರು 'ಕತ್ತಲೆಯ ದೊರೆ' ಅಂತ ಅಡ್ಡಹೆಸರಿಟ್ಟಿದ್ದಾರೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಲ್ಯೂಕಾಸ್‌ನದಲ್ಲ, ನಡುವೆ ಬಂದ ಮಾಲೀಕರು ಟೇಪ್ ಸುತ್ತಿ ಮಾಡಿದ ಜೋಡಣೆಗಳದ್ದು.

1967ರ ತನಕದ ಕಾರುಗಳಲ್ಲಿ ಡೈನಮೊ ಇತ್ತು, ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂಡುತ್ತಿತ್ತು. ಅದಕ್ಕೆ ಈಗಿನ ರೇಡಿಯೊ ಯೋಚಿಸದೆ ಜೋಡಿಸಿದರೆ ಹೊಗೆ ಬರುತ್ತದೆ.

ಈಗಿನ ಪೆಟ್ರೋಲು ಈ ಎಂಜಿನ್‌ಗೆ ಆಗುತ್ತದಾ?

ಸೀಸವಿದ್ದ ಪೆಟ್ರೋಲಿನ ಕಾಲದ ಎಂಜಿನ್ ಇದು; ವಾಲ್ವ್ ಸೀಟು ಸವೆಯದಂತೆ ಆ ಸೀಸವೇ ಕಾಯುತ್ತಿತ್ತು. ಬ್ರಿಟನ್ನಿನ ಬಂಕುಗಳಲ್ಲಿ ಆ ಪೆಟ್ರೋಲು 2000ನೇ ಇಸವಿಗೆ ನಿಂತಿತು. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ಎಕ್ಸಾಸ್ಟ್ ವಾಲ್ವ್ ಸೀಟ್ ಹಾಕಿಸಿಬಿಡಿ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇ. 10ರಷ್ಟು ಎಥನಾಲ್. ಅದು ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಪೈಪು ಬದಲಾಯಿಸಿ, ಇ5 ಸೂಪರ್ ಹಾಕಿಸಿ. ಭಾರತದಲ್ಲಿ ಈಗ ಇ20 ಆಗಿರುವುದರಿಂದ ಅಲ್ಲಿ ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರಿಗೆ ಪೈಪಿನ ಮಾತು ಇನ್ನೂ ಜರೂರು.

ಮೋಟಾರ್‌ವೇಯಲ್ಲಿ ಎಂಜಿನ್ ಕಿರಿಚುತ್ತದೆ. ಐದು ಗೇರಿನ ಬಾಕ್ಸ್ ಹಾಕಲಾ?

ನಿಮ್ಮ ಕಾರಿಗೆ ಓವರ್‌ಡ್ರೈವ್, ಅಂದರೆ ವೇಗದಲ್ಲೂ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು, ಇದೆಯಾ ಅಂತ ಮೊದಲು ನೋಡಿ. ಇದ್ದರೆ ಸ್ವಿಚ್ ಒತ್ತಿದರೆ ಸಾಕು. ಇದ್ದೂ ಕೆಲಸ ಮಾಡದಿದ್ದರೆ ಬಹಳ ಸಲ ಒಂದು ವೈರಿನದ್ದೇ ತೊಂದರೆ. ಇಲ್ಲವಾದರೆ ಫೋರ್ಡ್ ಸಿಯೆರಾ ಅಥವಾ ಮಾಜ್ದಾ ಎಂಎಕ್ಸ್-5 ಗೇರ್‌ಬಾಕ್ಸ್ ಕೂರಿಸುವ ಕಿಟ್ ಸಿಗುತ್ತದೆ. ಗೇರ್‌ಬಾಕ್ಸ್ ಮೇಲಿನ ತಗಡಿನ ಉಬ್ಬನ್ನು (ಟನೆಲ್) ಕತ್ತರಿಸದೆ ಕೂರುವ ಕಿಟ್ ಆರಿಸಿ, ಹಳೇ ಬಾಕ್ಸಿಗೆ ಎಣ್ಣೆ ಹಾಕಿ ಬಟ್ಟೆ ಸುತ್ತಿ ಇಡಿ. ನನಗೆ ಈ ಬದಲಾವಣೆಯ ಬಗ್ಗೆ ಯಾವ ತಕರಾರೂ ಇಲ್ಲ.

ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸುವ ಆಸೆ. ಪಾಪ ಅಂತೀರಾ?

ಪಾಪ ಅನ್ನಲು ಬಾಯಿ ಬರುವುದಿಲ್ಲ. ಈ ಕಾರಿನ ಚರಿತ್ರೆಯಲ್ಲೇ ಅದು ಇದೆ. 1970ರ ಆಸುಪಾಸಿನಲ್ಲಿ ಕೆನ್ ಕೊಸ್ಟೆಲೊ ಎಂಬ ರೇಸ್ ಡ್ರೈವರ್ ತನ್ನ ವರ್ಕ್‌ಶಾಪಿನಲ್ಲಿ ಎಂಜಿಬಿಯೊಳಗೆ ರೋವರ್ ಕಂಪನಿಯ 3.5 ಲೀಟರ್ ವಿ8 ಕೂರಿಸಿ ಮಾರತೊಡಗಿದ. ಆ ಎಂಜಿನ್ ಅಲ್ಯುಮಿನಿಯಂನದು, ಹಾಗಾಗಿ ಮುಂಭಾಗದ ತೂಕ ಹೇಳಿಕೊಳ್ಳುವಷ್ಟು ಏರಲಿಲ್ಲ. ಅದನ್ನು ನೋಡಿ ಕಂಪನಿಗೇ ಕಣ್ಣು ತೆರೆಯಿತು: 1973ರಲ್ಲಿ ತಾನೇ 3528 ಸಿಸಿಯ ಎಂಜಿಬಿ ಜಿಟಿ ವಿ8 ಬಿಟ್ಟಿತು. 1976ರ ಹೊತ್ತಿಗೆ ನಿಂತ ಅದು ಒಟ್ಟು ತಯಾರಾದದ್ದು 2591 ಮಾತ್ರ. ಒಬ್ಬನ ಗ್ಯಾರೇಜಿನ ಕಿತಾಪತಿ ಕಾರ್ಖಾನೆಯ ಮಾಡೆಲ್ ಆಯಿತು. ಇವತ್ತು ಕೊಸ್ಟೆಲೊ ಕಾರುಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಅಂಥದ್ದು ಸಿಕ್ಕಿದರೆ ಅದಕ್ಕೆ ವಾಪಸ್ ನಾಲ್ಕು ಸಿಲಿಂಡರ್ ಹಾಕುವುದೇ ಅಪಚಾರ.

ಆದರೆ ಯಾವ ಎಂಜಿಬಿಯನ್ನು ಇದಕ್ಕೆ ಆರಿಸುತ್ತೀರಿ ಎಂಬುದು ಮುಖ್ಯ. 1974ರ ಕೊನೆಯಿಂದ ಬಂದ ರಬ್ಬರ್ ಬಂಪರಿನ ಕಾರುಗಳ ಎಂಜಿನ್ ಜಾಗವನ್ನು ವಿ8 ಹಿಡಿಯುವ ಹಾಗೆಯೇ ಮಾಡಲಾಗಿತ್ತು, ತಗಡಿನ ಕೆಲಸ ಕಡಿಮೆ. ಅಂಥ ಸಾಧಾರಣ ಕಾರೊಂದನ್ನು ತೆಗೆದುಕೊಂಡು ಮಾಡಿ. ಬ್ರೇಕು, ಸಸ್ಪೆನ್ಷನ್ನು, ರೇಡಿಯೇಟರ್ ಮೂರನ್ನೂ ಜೊತೆಗೇ ಬಲಪಡಿಸಿ. ಎಳೆದು ತೆಗೆಯುವ ಬಾಗಿಲ ಹಿಡಿಯಿದ್ದ 1962ರಿಂದ 65ರ ಮೊದಲ ಕಾರುಗಳು, 1967ರಿಂದ 69ರ ತನಕ ಮಾತ್ರ ಬಂದ ಆರು ಸಿಲಿಂಡರಿನ ಎಂಜಿಸಿ, 1975ರಲ್ಲಿ ಹಸಿರು ಮೈಗೆ ಬಂಗಾರದ ಪಟ್ಟಿ ಹಾಕಿ ಬಿಟ್ಟ ಜುಬಿಲಿ ಜಿಟಿ, ಇವುಗಳ ಹತ್ತಿರ ತಗಡು ಕತ್ತರಿಸುವ ಗ್ರೈಂಡರ್ ತರಬೇಡಿ. 5 ಲಕ್ಷದ ಲೆಕ್ಕ ನೆನಪಿರಲಿ ಅಂದದ್ದು ಇದಕ್ಕೇ. ಸಾಮಾನ್ಯ ಎಂಜಿಬಿ ಒಂದನ್ನು ಬದಲಾಯಿಸಿದರೆ ಜಗತ್ತಿಗೆ ನಷ್ಟವಿಲ್ಲ, ಆದರೆ ಆ ಐದು ಲಕ್ಷದೊಳಗೆ ಕೆಲವು ನೂರರ, ಕೆಲವು ಸಾವಿರದ ಸಣ್ಣ ಗುಂಪುಗಳಿವೆ.

ರಬ್ಬರ್ ಬಂಪರ್ ನೋಡೋಕೆ ಚೆನ್ನಾಗಿಲ್ಲ. ತೆಗೆದು ಕ್ರೋಮ್ ಬಂಪರ್ ಹಾಕಿದರೆ?

ಬಹಳ ಜನ ಮಾಡಿದ್ದಾರೆ. ಅಮೆರಿಕದ ಕಾನೂನಿಗೆ ತಲೆಬಾಗಿ ಆ ದಪ್ಪ ಕಪ್ಪು ಬಂಪರ್ ಬಂತು, ಗಾಡಿಯನ್ನೂ ಸುಮಾರು ಒಂದೂವರೆ ಇಂಚು ಎತ್ತರಿಸಿದರು. ತಿರುವಿನಲ್ಲಿ ಓಲಾಡುವುದಕ್ಕೆ ಅದೂ ಒಂದು ಕಾರಣ. ಎತ್ತರ ಇಳಿಸುವುದು ಒಳ್ಳೆಯದೇ. ಬಂಪರ್ ಬದಲಾವಣೆ ಮಾತ್ರ ಬೋಲ್ಟ್ ಕೆಲಸವಲ್ಲ. ಮುಂದೆ ಹಿಂದೆ ತಗಡು ಕತ್ತರಿಸಿ ಬೆಸೆಯಬೇಕು. ಇಷ್ಟೆಲ್ಲ ಮಾಡಿದ ಮೇಲೂ ಗೊತ್ತಿದ್ದವರು ನೋಡಿದ ತಕ್ಷಣ ಹೇಳಿಬಿಡುತ್ತಾರೆ. ಕ್ರೋಮ್ ಬೇಕಿದ್ದರೆ ಕ್ರೋಮ್ ಕಾರನ್ನೇ ಕೊಂಡರೆ ಅಗ್ಗ ಅನ್ನುವುದು ನನ್ನ ಲೆಕ್ಕಾಚಾರ. ಇನ್ನೊಂದು ಮಾತು: ಕೊನೆಯ 1980ರ 'ಲಿಮಿಟೆಡ್ ಎಡಿಷನ್' ಸಾವಿರವೂ (420 ರೋಡ್‌ಸ್ಟರ್, 580 ಜಿಟಿ) ರಬ್ಬರ್ ಬಂಪರಿನವೇ. ಅವಕ್ಕೆ ಕೈ ಹಚ್ಚಬೇಡಿ.

ಎಲೆಕ್ಟ್ರಿಕ್ ಮಾಡಿಸಿದರೆ?

2018ರಲ್ಲಿ ರಾಜಕುಮಾರ ಹ್ಯಾರಿ ಮದುವೆಯ ದಿನ ಓಡಿಸಿದ ಜಾಗ್ವಾರ್ ಇ-ಟೈಪ್ ಎಲೆಕ್ಟ್ರಿಕ್ ಆಗಿತ್ತು. ಅದಾದ ಮೇಲೆ ಈ ಪ್ರಶ್ನೆ ಹೆಚ್ಚಾಯಿತು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಮಾತ್ರ ಹೀಗೆ ಮಾಡಿದ್ದನ್ನು ಚಾರಿತ್ರಿಕ ವಾಹನವೆಂದು ಒಪ್ಪುವುದಿಲ್ಲ. ನನ್ನ ತಕರಾರು ಅಷ್ಟು ಶಾಸ್ತ್ರೀಯವಲ್ಲ: ಎಂಜಿಬಿಯಲ್ಲಿ ಚಂದ ಇರುವುದು ಆ ಎಂಜಿನ್ನಿನ ಗೊರಗೊರ ಮತ್ತು ಬಿಸಿ ಎಣ್ಣೆಯ ವಾಸನೆ. ಅದು ಬೇಡವಾದರೆ ಬೇರೆ ಕಾರುಗಳಿವೆ.

ಬ್ರಿಟನ್ನಿನಲ್ಲಿ ಕಾನೂನಿನ ತೊಡಕು ಏನಾದರೂ ಇದೆಯಾ?

ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿಂದ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂಬ ವಾರ್ಷಿಕ ಪರೀಕ್ಷೆಯೂ ಕಡ್ಡಾಯವಲ್ಲ, ಆದರೆ ಕಳೆದ 30 ವರ್ಷದಲ್ಲಿ ಗಾಡಿಯನ್ನು 'ಗಣನೀಯವಾಗಿ' ಬದಲಾಯಿಸಿರಬಾರದು. ಬಾಡಿ, ಸಸ್ಪೆನ್ಷನ್ನಿನ ಬಗೆ, ಎಂಜಿನ್ ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಕೆಲಸ ಶುರು ಮಾಡುವ ಮುಂಚೆ ನಿಯಮ ಓದಿಕೊಳ್ಳಿ, ವಿಮೆಯವರಿಗೆ ಪ್ರತಿ ಬದಲಾವಣೆಯನ್ನೂ ತಿಳಿಸಿ. ಕಡ್ಡಾಯವಲ್ಲದಿದ್ದರೂ ನಾನು ವರ್ಷಕ್ಕೊಮ್ಮೆ ಎಂಒಟಿ ಮಾಡಿಸುತ್ತೇನೆ. ಬೇರೆಯವರ ಕಣ್ಣಿಗೆ ಕಾಣುವ ತುಕ್ಕು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ನಾವು ಕರ್ನಾಟಕದಲ್ಲಿದ್ದೇವೆ. ಅಜ್ಜನ ಕಾಲದ ಗಾಡಿ ಶೆಡ್‌ನಲ್ಲಿದೆ. ನಮಗೆ ಏನು ಹೇಳುತ್ತೀರಿ?

ನಿಮಗೆ ಕಾನೂನೇ ಅರ್ಧ ತೀರ್ಮಾನ ಮಾಡಿಕೊಟ್ಟಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಾಯಿಸಿದರೂ ಆರ್‌ಟಿಒದಲ್ಲಿ ನಮೂದಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ಆದರೆ ಹಾಗೆ ನೋಂದಾಯಿಸಿದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ; ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಹೋಗಿಬರಬಹುದು. ಚಾಸಿ, ಬಾಡಿ, ಎಂಜಿನ್ ಕತ್ತರಿಸಿ ಬದಲಾಯಿಸಿದ್ದರೆ ಈ ಬಾಗಿಲು ಮುಚ್ಚಿದ ಹಾಗೆ.

ಕಾರೇ ಆಗಬೇಕೆಂದಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಅರವತ್ತರ ದಶಕದಲ್ಲಿ ಬಂದ ಜಾವಾ ಬೈಕುಗಳು ಈಗಾಗಲೇ 50 ದಾಟಿವೆ. ನನ್ನ ಸೋದರಮಾವ ತಮ್ಮ ಗಾಡಿಯ ಎರಡೂ ಸೈಲೆನ್ಸರ್ ಕತ್ತರಿಸಿ, ಮಡ್‌ಗಾರ್ಡ್ ತುಂಡು ಮಾಡಿಸಿ ಇಪ್ಪತ್ತರ ವಯಸ್ಸಿನಲ್ಲಿ ಮೆರೆದರು. ಅರವತ್ತೈದರಲ್ಲಿ ಅದೇ ಮಡ್‌ಗಾರ್ಡಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಅಲೆದರು.

ನಾನು ಕೊಂಡಾಗಲೇ ಹಿಂದಿನ ಮಾಲೀಕರು ಏನೇನೋ ಬದಲಾಯಿಸಿದ್ದರು. ಎಲ್ಲವನ್ನೂ ವಾಪಸ್ ಮೂಲಕ್ಕೆ ತರಬೇಕಾ?

ಎಪ್ಪತ್ತರ ದಶಕದಲ್ಲೇ ಹಾಕಿಸಿದ ಮರದ ಸ್ಟೀರಿಂಗು, ಮಂಜಿನ ದೀಪ, ರ‍್ಯಾಲಿಯ ಬಿಲ್ಲೆ ಇದ್ದರೆ ಬಿಡಿ. ಆ ಕಾಲದ ಯಾರೋ ಆಸೆಪಟ್ಟು ಹಾಕಿದ್ದು ಈಗ ಕಾರಿನ ಕತೆಯ ಭಾಗ. ಮೊನ್ನೆ ಮೊನ್ನೆ ಡ್ಯಾಶ್‌ಬೋರ್ಡ್ ಕೊರೆದು ಕೂರಿಸಿದ ಸ್ಪೀಕರ್ ಇದ್ದರೆ ತೆಗೆಯಿರಿ. ಎರಡರ ನಡುವೆ ಇರುವುದಕ್ಕೆಲ್ಲ ನಿಮ್ಮ ಮನಸ್ಸೇ ಪ್ರಮಾಣ.

ಮಾರುವಾಗ ಯಾವುದಕ್ಕೆ ಬೆಲೆ ಹೆಚ್ಚು?

ಸಾಮಾನ್ಯವಾಗಿ ಮೂಲದಂತಿದ್ದದ್ದಕ್ಕೆ. ಮಾಡಿಫೈ ಮಾಡಲು ಹಾಕಿದ ಹಣ ಅಷ್ಟಕ್ಕಷ್ಟೂ ವಾಪಸ್ ಬರುತ್ತದೆ ಅನ್ನುವ ಲೆಕ್ಕವಿದ್ದರೆ ಕೈಬಿಡಿ. ಯಾಕೆಂದರೆ ಕೊಳ್ಳುವವರಿಗೆ ಅವರದೇ ರುಚಿ ಇರುತ್ತದೆ.

ಬಿಚ್ಚಿದ ಸಾಮಾನುಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಮನೆಯಲ್ಲಿ ಜಾಗ ಇಲ್ಲ.

ಕಾರು ಇರುವ ತನಕ. ಮಾರಿದರೆ ಕಾರಿನ ಜೊತೆಗೇ ಕೊಟ್ಟು ಕಳಿಸಿ. ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಏರ್ ಕ್ಲೀನರ್, ಮೀಟರುಗಳು, ಸ್ಟೀರಿಂಗ್ ಚಕ್ರ, ಲಿವರ್ ಶಾಕ್ ಅಬ್ಸಾರ್ಬರ್ ಇವು ತಪ್ಪದೆ ಇರಬೇಕು. ಎಣ್ಣೆ ಸವರಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಯಾವಾಗ ಬಿಚ್ಚಿದ್ದು, ಯಾಕೆ ಬಿಚ್ಚಿದ್ದು ಅಂತ ಚೀಟಿ ಬರೆದಿಡಿ. ನಮ್ಮ ಮನೆಯಲ್ಲಿ ಅಂಥ ಆರು ಡಬ್ಬಿಗಳು ಮೆಟ್ಟಿಲ ಕೆಳಗೆ, ಅಕ್ಕಿ ಚೀಲದ ಪಕ್ಕದಲ್ಲಿವೆ. ಪೇಂಟರ್ ಅಂಗಳದ ಕಸದಿಂದ ಆರಿಸಿ ತಂದ ಕಡಲೆಹಿಟ್ಟಿನ ಬಣ್ಣದ ಒಂದು ತುಣುಕು ತಗಡೂ ಅವುಗಳಲ್ಲೊಂದರಲ್ಲಿದೆ.